ಕಾಯಿಲೆ, ಪ್ರಯಾಣ, ಪರೀಕ್ಷೆ, ಸ್ತೋತ್ರ

ಏಳೂವರೆಗೆ ಗಂಡನನ್ನು ಬಲಮಗ್ಗುಲಿಗೆ ಹೊರಳಿಸಬೇಕಿತ್ತು. ಗೋಡೆಯ ಗಡಿಯಾರ ಏಳೂಮುಕ್ಕಾಲು ತೋರಿಸುತ್ತಿದ್ದರೂ ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಆಗಲೇ ಒಣಗಿದ್ದ ಕೈಯನ್ನು ಟವೆಲ್ಲಿಗೆ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲ ಅಂತ ಅವಳಿಗೆ ಗೊತ್ತು. ನಿದ್ದೆ ಹತ್ತಿದಾಗ ಅವನ ರೆಪ್ಪೆಗಳು ಪೂರ್ತಿ ಕೂಡುವುದಿಲ್ಲ, ನಡುವೆ ಬಿಳಿಯ ಸಣ್ಣ ಗೆರೆಯೊಂದು ಉಳಿಯುತ್ತದೆ. ಈಗ ಆ ಗೆರೆ ಇರಲಿಲ್ಲ. ಅವಳ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಮುಚ್ಚಿಕೊಂಡ ಕಣ್ಣು ಅದು. ಮೂರು ವಾರದಿಂದ ಹೀಗೇ. ಆರು ವರ್ಷದ ಹಿಂದೆ ಲಿಫ್ಟು ರಿಪೇರಿಗೆಂದು ಹೋದವನು ಒಂಬತ್ತನೇ ಮಹಡಿಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಕುಸಿದಿದ್ದ. ತಲೆಯೊಳಗಿನ ಯಾವುದೋ ನಾಳ ಕಟ್ಟಿಕೊಂಡಿದೆ ಅಂದರು. ಕೈಕಾಲು ಹೋಯಿತು, ಮಾತು ಹೋಯಿತು, ಉಳಿದದ್ದು ಎರಡು ಕಣ್ಣು. ಒಂದು ಸಲ ಮುಚ್ಚಿ ತೆರೆದರೆ ಹೌದು, ಎರಡು ಸಲವಾದರೆ ಇಲ್ಲ. ಅಷ್ಟರಲ್ಲೇ ಸಂಸಾರ ಮಾಡಿಕೊಂಡು ಬಂದಿದ್ದರು. ಕಿಟಕಿ ತೆಗೆಯಲಾ? ಹೌದು. ರೇಡಿಯೋ ಹಾಕಲಾ? ಇಲ್ಲ. ಹೊಸ ಲೋಟ ಒಡೆದುಹಾಕಿದೆ, ಬೈತೀರಾ? ಹೌದು, ಜೊತೆಗೆ ಕಣ್ಣಿನ ಮೂಲೆಯಲ್ಲಿ ನಗು. ಈಗ ಏನು ಕೇಳಿದರೂ ಹೌದೂ ಇಲ್ಲ, ಇಲ್ಲವೂ ಇಲ್ಲ.

ಕೊನೆಗೆ ಹತ್ತಿರ ಹೋಗಿ, ಒಂದು ಕೈ ಭುಜದಡಿಗೆ, ಇನ್ನೊಂದು ಸೊಂಟದಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಹೊರಳಿಸಿದಳು. ಮಂಚದ ಬಲಕ್ಕೆ ಗೋಡೆ. ಬಲಮಗ್ಗುಲಾದರೆ ಅವನ ಮುಖ ಗೋಡೆಗೆ. ಈ ಮೂರು ವಾರದಲ್ಲಿ ಅದು ಇಬ್ಬರಿಗೂ ಸಲೀಸಾಗಿತ್ತು. ಎಡಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿ, ನಡುವೆ ಬಟಾಣಿಯಷ್ಟು ಜಾಗ ಒದ್ದೆಯೊದ್ದೆಯಾಗಿತ್ತು. ಆರು ವರ್ಷ ಬಾರದ ಹಾಸಿಗೆ ಹುಣ್ಣು ಈಗ ಬಂದಿತ್ತು. ಬುಧವಾರಗಳಂದು ಚರ್ಚ್ ಸಭೆಯ ಇಬ್ಬರು ಹೆಂಗಸರು ಬಂದು, ಅವನನ್ನು ಎತ್ತಿ ಹಿಡಿದು, ಮೈ ತೊಳೆಸಿ, ಹಾಸಿಗೆ ಬಿಸಿಲಿಗೆ ಹಾಕಿಕೊಟ್ಟು ಹೋಗುತ್ತಿದ್ದರು. ಪ್ರಾರ್ಥನೆ ಪಟ್ಟಿಯಲ್ಲಿ ಕಾಯಿಲೆಯ ಕಾಲಮ್ಮಿನಲ್ಲಿ ಇರುವವರ ಮನೆಗೆ ಹಾಗೆ ಹೋಗುವುದು ಸಭೆಯ ಪದ್ಧತಿ. ಅವನು ಆ ಕಾಲಮ್ಮಿನಲ್ಲಿ ಈಗ ಇಲ್ಲ. ತೆಗೆಸಿದವಳು ಅವಳೇ. ಅವಳು ಹುಣ್ಣಿಗೆ ಪುಡಿ ಹಾಕಿ, ಬಟ್ಟೆ ಸರಿ ಮಾಡಿದಳು.

ನಾದಿನಿ ಬಂದಳು, ಕಂಕುಳಲ್ಲಿ ಮಡಚದ ಔಷಧಿ ಡಬ್ಬಿಗಳ ಕಟ್ಟು. ಅತ್ತಿಗೆ ಕೆಲಸಕ್ಕೆ ಹೋದಮೇಲೆ ಅಣ್ಣನ ಪಕ್ಕ ಕೂತು ಆ ರಟ್ಟುಗಳನ್ನು ಡಬ್ಬಿ ಮಾಡುವುದು ಅವಳ ಕೆಲಸ. ಬಾಯಿ ಮಾತ್ರ ಕೈಗಿಂತ ಚುರುಕು.

"ಇವತ್ತು ಬರೋದು ಲೇಟಾಗುತ್ತೆ. ಮಧ್ಯಾಹ್ನ ಪಟ್ಟಿ ತಾತನ ಮನೆಗೆ ಹೋಗಬೇಕು," ಅಂದಳು ಇವಳು.

"ಯಾಕೆ?"

"ನಿಮ್ಮಣ್ಣನ ಹೆಸರು ಮತ್ತೆ ಸೇರಿಸೋಕೆ. ನಾಳೆಯಿಂದ ಯಾವ ಕಾಲಮ್ಮಲ್ಲೂ ಇರಲ್ಲ."

ನಾದಿನಿ ಒಂದು ಡಬ್ಬಿಯ ಮುಚ್ಚಳ ಒಳಗೆ ತಳ್ಳಿ, "ಪಟ್ಟಿ ಮಾಡಿ ಕೊಡದಿದ್ರೆ ನಿಮ್ಮ ದೇವರಿಗೆ ನೆನಪಿರಲ್ವಾ ಅತ್ತಿಗೆ?" ಅಂದಳು. ಬೇರೆ ದಿನವಾಗಿದ್ದರೆ ಇವಳು ಸಿಡುಕುತ್ತಿದ್ದಳು. ಇವತ್ತು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿಯುವಾಗಲೇ ಬಿಸಿ ಹಬೆಯೂ ಸೋಪಿನ ವಾಸನೆಯೂ ಮುಖಕ್ಕೆ ಬಡಿಯುತ್ತಿತ್ತು. ಒಗೆದು ಹಿಂಡಿದ ಹಾಸುಬಟ್ಟೆಗಳ ಎರಡೆರಡು ಮೂಲೆಯನ್ನು ಇಬ್ಬರು ಹೆಂಗಸರು ಹಿಡಿದು, ಒಂದು ಸಲ ಎಳೆದು, ಸುಕ್ಕು ಬಿಡಿಸಿ, ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಉರುಳೆ ಯಾರಿಗೂ ಕಾಯುವುದಿಲ್ಲ. ಬಟ್ಟೆ ಬಿಡುವುದು ಒಂದು ಗಳಿಗೆ ತಡವಾದರೂ ಬೆರಳು ಚುರ್ ಅನ್ನುತ್ತದೆ. ಎದುರಿನ ತುದಿಯಲ್ಲಿ ಅವಳ ಜೊತೆಗಾತಿ, ಅದೇ ಸಭೆಯ ಹುಡುಗಿ, ಮದುವೆಯಾಗಿ ವರ್ಷವಾಗಿಲ್ಲ. "ಅಕ್ಕ, ಯಜಮಾನ್ರ ಕೈ ಹೇಗಿದೆ ಈಗ?" ಅಂತ ಬೆಳಗಿನ ಮೊದಲ ಬಟ್ಟೆಯಲ್ಲೇ ಕೇಳಿದಳು. ದಿನಾ ಕೇಳುತ್ತಾಳೆ. "ಹಾಗೇ ಇದೆ," ಅಂದಳು ಇವಳು. ಅದೊಂದು ಉತ್ತರದಲ್ಲಿ ಮಾತ್ರ ಸುಳ್ಳಿರಲಿಲ್ಲ. "ಹಾಗೇ ಇದ್ರೆ ಸಾಕಲ್ವಾ ಅಕ್ಕ, ಎತ್ತಿದ ಕೈ ಮತ್ತೆ ಇಳೀದಿದ್ರೆ ಸಾಕು," ಅಂದು ಹುಡುಗಿ ನಕ್ಕಳು. ನಂಬಿದವರ ನಗು. ಇವಳು ಬಟ್ಟೆಯ ನಡುವಿದ್ದ ಹಳದಿ ಕಲೆಯನ್ನೇ ನೋಡಿದಳು. ಎಷ್ಟು ಕುದಿಸಿದರೂ ಹೋಗದ ಕಲೆಗಳ ಬಟ್ಟೆಯನ್ನು ಬೇರೆ ಗುಡ್ಡೆಗೆ ಎಸೆಯಬೇಕು, ಅವು ರೋಗಿಗಳ ಹಾಸಿಗೆಗೆ ಮತ್ತೆ ಹೋಗುವುದಿಲ್ಲ, ನೆಲ ಒರೆಸುವುದಕ್ಕೆ ಹೋಗುತ್ತವೆ. ಮೊದಲು ಅವನ ಕೈಬೆರಳು ಅಲುಗಿದ್ದು ನಿಜ. ಐದು ವಾರದ ಹಿಂದೆ, ಶನಿವಾರ ಬೆಳಿಗ್ಗೆ, ಬಿಸಿನೀರಿನ ಬಟ್ಟೆಯಿಂದ ತೋಳು ಒರೆಸುತ್ತಿದ್ದಾಗ ತೋರುಬೆರಳು ಸಣ್ಣಗೆ ಎದ್ದಿತ್ತು. ಮರುಗಳಿಗೆಯಲ್ಲೇ ನೋಡಿದಳು, ಅವಳದೇ ಮೊಣಕೈ ಹಾಸುಬಟ್ಟೆಯ ಅಂಚನ್ನು ಜಗ್ಗಿತ್ತು. ಬಟ್ಟೆ ಜಗ್ಗಿದ್ದಕ್ಕೆ ಬೆರಳು ಎದ್ದಿತ್ತು. ಎರಡನೇ ಸಲ ಬೇಕೆಂದೇ ಜಗ್ಗಿ ನೋಡಿದಳು, ಆಗಲೂ ಎದ್ದಿತು. ಇದೆಲ್ಲ ಗೊತ್ತಿದ್ದೂ ಮರುದಿನ ಸಭೆಗೆ ಹೋಗಿ ಎದ್ದು ನಿಂತಿದ್ದಳು.

ಯಾಕೆ ನಿಂತೆ? ಈ ಐದು ವಾರದಲ್ಲಿ ಅದನ್ನು ಎಷ್ಟು ಸಲ ಕೇಳಿಕೊಂಡಳೋ. ಪಟ್ಟಿಯಲ್ಲಿ ಹದಿನೇಳನೆಯವನಾಗಿ ಸೇರಿದ ಗಂಡ ಆರು ವರ್ಷದಲ್ಲಿ ಎರಡನೆಯ ಜಾಗಕ್ಕೆ ಬಡ್ತಿ ಪಡೆದಿದ್ದ. ಮೇಲಿನವರೆಲ್ಲ ವಾಸಿಯಾಗಿದ್ದರು, ಇಲ್ಲವೇ ಮಣ್ಣು ಸೇರಿದ್ದರು. ಪಾಸ್ಟರು ಹೊಸ ಹೆಸರುಗಳನ್ನು ನಿಧಾನವಾಗಿ, ಕಾಯಿಲೆ ಏನೆಂದು ಹೇಳಿ ಓದುತ್ತಿದ್ದರು. ಹಳೆಯವನ್ನು ಮಾತ್ರ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಅವರ ತಪ್ಪಲ್ಲ, ಎಷ್ಟೂಂತ ಓದಿಯಾರು! ಆ ಭಾನುವಾರ ಗಂಡನ ಹೆಸರು ಬಂದಾಗ ಮುಂದಿನ ಬೆಂಚಿನಲ್ಲಿ ಕೂತವಳೊಬ್ಬಳು ಆಕಳಿಸಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಮರ್ಯಾದೆಯಿಂದಲೇ. ಆಮೇಲೆ ಸಾಕ್ಷಿ ಹೇಳುವ ಹೊತ್ತು. ದೇವರು ತಮಗೆ ಮಾಡಿದ ಒಳ್ಳೆಯದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಒಬ್ಬನಿಗೆ ಕೆಲಸ ಸಿಕ್ಕಿತ್ತು, ಒಬ್ಬಳ ಮಗುವಿನ ಜ್ವರ ಬಿಟ್ಟಿತ್ತು. ಇವಳ ಕಾಲು ತಾವಾಗಿ ಎದ್ದವು. "ನಮ್ಮ ಯಜಮಾನರು ಕೈ ಎತ್ತಿದರು" ಅಂದಳು. ಹಾಲ್ ಗಪ್ಪಾಯಿತು. ಆ ಮೌನ ಎಷ್ಟು ರುಚಿಯಾಗಿತ್ತೆಂದರೆ ಅವಳು ಇನ್ನೂ ಸ್ವಲ್ಪ ಸೇರಿಸಿದಳು: ಎದೆಯ ತನಕ ಎತ್ತಿದರು. ಆಮೇಲೆ ಇನ್ನೂ ಸ್ವಲ್ಪ: ನನ್ನ ಕೈ ಹಿಡಿದುಕೊಂಡರು. ಚಪ್ಪಾಳೆ ಬಿತ್ತು. ಆಕಳಿಸಿದವಳೇ ತಿರುಗಿ ಅಪ್ಪಿಕೊಂಡಳು. ಆರು ವರ್ಷ ಕನಿಕರದಿಂದ ನೋಡಿದ ಮುಖಗಳಲ್ಲಿ ಮೊದಲ ಸಲ ಹೊಟ್ಟೆಕಿಚ್ಚಿನ ಎಳೆಯೊಂದು ಕಂಡಿತು. ದೇವರಾಣೆ ಹೇಳುವುದಾದರೆ, ಅವಳಿಗೆ ಹಾಯೆನಿಸಿತ್ತು. "ಅಕ್ಕ, ಕೈ!" ಅಂತ ಬಟ್ಟೆಯ ಆ ತುದಿಯಿಂದ ಹುಡುಗಿ ಕೂಗಿದಳು. ಉರುಳೆಗೆ ತಾಗಿ ಬೆರಳ ತುದಿ ಸುಟ್ಟಿತ್ತು. ನೀರಿನಲ್ಲಿ ಅದ್ದಿ ತೆಗೆದು ಮುಂದಿನ ಬಟ್ಟೆಯ ಮೂಲೆ ಹಿಡಿದಳು.

ಸುಳ್ಳು ಅಲ್ಲಿಗೆ ನಿಂತಿದ್ದರೆ ಅದರ ಜೊತೆ ಹೇಗೋ ಬದುಕಿಬಿಡುತ್ತಿದ್ದಳೇನೋ. ಮನುಷ್ಯ ಎಂಥೆಂಥದರ ಜೊತೆ ಬದುಕುವುದಿಲ್ಲ. ಆದರೆ ಎರಡು ವಾರವಾದ ಮೇಲೆ ಒಂದು ಸಂಜೆ ಪಾಸ್ಟರೂ ಅವರ ಹೆಂಡತಿಯೂ ಹಣ್ಣಿನ ಚೀಲ ಹಿಡಿದು ಮನೆಗೇ ಬಂದರು. ಸಭೆಯಲ್ಲಿ ಹೇಳಿದ್ದು ಗಂಡನಿಗೆ ಗೊತ್ತಿರಲಿಲ್ಲ. ಪಾಸ್ಟರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, "ಅಣ್ಣಾ, ನಿಮ್ಮ ಮನೆಯವರು ಎಲ್ಲ ಹೇಳಿದ್ರು. ಕೇಳಿ ತುಂಬ ಸಂತೋಷವಾಯ್ತು. ಕಷ್ಟಕ್ಕೆ ಒಂದು ಉದ್ದೇಶ ಇದ್ದೇ ಇರುತ್ತೆ, ನೋಡಿ, ನಿಮ್ಮಿಂದ ಎಷ್ಟು ಜನಕ್ಕೆ ಧೈರ್ಯ ಬಂತು. ಆ ಕೈ ಒಂದ್ಸಲ ಎತ್ತಿ, ನಾವೂ ನೋಡಿ ಸ್ತೋತ್ರ ಮಾಡ್ತೀವಿ" ಅಂದರು. ಗಂಡನ ಕಣ್ಣು ಪಾಸ್ಟರ ಮುಖದಿಂದ ಅವಳ ಮುಖಕ್ಕೆ ಬಂತು. ಒಂದೇ ನೋಟದಲ್ಲಿ ಅವನಿಗೆ ಎಲ್ಲ ತಿಳಿಯಿತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನಿಗೆ ಇನ್ನೆಷ್ಟು ಹೊತ್ತು ಬೇಕು? ಎರಡು ಸಲ ಕಣ್ಣು ಮುಚ್ಚಿದ್ದರೆ ಮುಗಿದುಹೋಗುತ್ತಿತ್ತು. ಅವನು ಮುಚ್ಚಲಿಲ್ಲ. ಬದಲಿಗೆ ಕೈ ಎತ್ತುವುದಕ್ಕೆ ಹೊರಟ. ಅವಳ ಮಾನ ಉಳಿಸುವುದಕ್ಕೆ. ಹಣೆಯ ನರ ಉಬ್ಬಿತು, ಮುಖ ಕೆಂಪಾಯಿತು, ಕಿವಿಯ ಹಿಂದಿನಿಂದ ಬೆವರು ದಿಂಬಿಗಿಳಿಯಿತು. ಕೈ ಮಾತ್ರ ಹಾಸುಬಟ್ಟೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಆ ತಿಣುಕಾಟದಲ್ಲಿ ಒಳಗಿನ ಬಟ್ಟೆಯೆಲ್ಲ ಒದ್ದೆಯಾಗಿ ವಾಸನೆ ಬಂತು. ಪಾಸ್ಟರ ಹೆಂಡತಿ ಏನೂ ಆಗಿಲ್ಲವೆಂಬ ಹಾಗೆ ಎದ್ದು ಕಿಟಕಿ ತೆಗೆದರು. "ಇವತ್ತು ಸುಸ್ತಾಗಿದ್ದಾರೆ" ಅಂದಳು ಇವಳು. ಅದು ಕೊನೆಯ ಸುಳ್ಳು, ಎಲ್ಲಕ್ಕಿಂತ ಹೊಲಸಾದದ್ದು. ಅವರು ಹೋದಮೇಲೆ ಬಟ್ಟೆ ಬದಲಿಸಲು ಬಂದಾಗ ಅವನ ಕಣ್ಣು ಮುಚ್ಚಿತ್ತು.

ಶನಿವಾರ ಅರ್ಧ ದಿನ. ಎರಡು ಗಂಟೆಗೆ ಅವಳು ಪಟ್ಟಿ ತಾತನ ಮನೆಯ ಮೆಟ್ಟಿಲು ಹತ್ತಿದಳು. ತಾತ ಒಂದು ಕಾಲಕ್ಕೆ ಕೋರ್ಟಿನಲ್ಲಿ ಟೈಪಿಸ್ಟ್. ಈಗ ಪ್ರತಿ ಶನಿವಾರ ಸಭೆಯ ಪ್ರಾರ್ಥನೆ ಪಟ್ಟಿಯನ್ನು ಹಳೆಯ ಯಂತ್ರದಲ್ಲಿ ಬಡಿದು, ನೂರಿಪ್ಪತ್ತು ಪ್ರತಿ ತೆಗೆಸುತ್ತಾರೆ. ನಾಲ್ಕು ಕಾಲಂ: ಕಾಯಿಲೆ, ಪ್ರಯಾಣ, ಪರೀಕ್ಷೆ, ಸ್ತೋತ್ರ. ಒಳ್ಳೆಯದಾದವರ ಹೆಸರು ಸ್ತೋತ್ರದ ಕಾಲಮ್ಮಿಗೆ ಹೋಗುತ್ತದೆ, ಅಲ್ಲಿ ನಾಲ್ಕು ವಾರ ಇದ್ದು ಬಿದ್ದುಹೋಗುತ್ತದೆ. ಕಳೆದ ವಾರಕ್ಕೆ ನಾಲ್ಕಾಗಿತ್ತು.

"ಬಾಮ್ಮ, ಕೂತ್ಕೋ. ಕೈ ಎತ್ತಿದೋರು ಕಾಲೂ ಎತ್ತಿದ್ರಾ?" ಅಂದರು ತಾತ, ಕನ್ನಡಕದ ಮೇಲಿಂದ ನೋಡುತ್ತ. ಅವರ ಮಟ್ಟಿಗೆ ಅದು ಪ್ರೀತಿಯ ಮಾತು.

"ತಾತ, ಅವರ ಹೆಸರು ಮತ್ತೆ ಕಾಯಿಲೆಗೆ ಹಾಕಬೇಕು."

ತಾತ ಬೆರಳು ಯಂತ್ರದ ಮೇಲೆಯೇ ಇಟ್ಟುಕೊಂಡು ಯೋಚಿಸಿದರು. "ಸ್ತೋತ್ರದಿಂದ ವಾಪಸ್ ಕಾಯಿಲೆಗೆ ಯಾರೂ ಬಂದಿಲ್ಲ. ಪ್ರಯಾಣದಿಂದ ಕಾಯಿಲೆಗೆ ಬಂದಿದಾರೆ, ಪರೀಕ್ಷೆಯಿಂದಂತೂ ಸುಮಾರು ಜನ. ಇರಲಿ. ಏನಂತ ಬರೀಲಿ? ಮತ್ತೆ ಕೆಟ್ಟಿತು ಅಂತ ಹಾಕ್ಲಾ?"

ಇಷ್ಟು ಸುಲಭವೇ? ಮತ್ತೆ ಕೆಟ್ಟಿತು. ಎರಡೇ ಪದ, ಹೆಸರು ಮೇಲೆ ಹೋಗುತ್ತದೆ, ಬುಧವಾರ ಹೆಂಗಸರು ಬರುತ್ತಾರೆ, ಹುಣ್ಣು ಮಾಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೂಂ ಅನ್ನುವುದಕ್ಕೆ ಬಾಯಿ ತೆರೆದೂಬಿಟ್ಟಳು. ಆದರೆ ನಾಳೆ ಬೆಂಚುಗಳಲ್ಲಿ ಏನು ಮಾತು ಹುಟ್ಟುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೇವರು ಕೊಟ್ಟಿದ್ದನ್ನು ಆ ಮನುಷ್ಯ ಉಳಿಸಿಕೊಳ್ಳಲಿಲ್ಲ, ನಂಬಿಕೆ ಸಾಲದು ಅನ್ನುತ್ತಾರೆ. ಪಾಸ್ಟರು ತಲೆ ತಗ್ಗಿಸಿ ಅವನ ಅಪನಂಬಿಕೆಗಾಗಿ ಪ್ರಾರ್ಥಿಸುತ್ತಾರೆ. ಬೆವರು ಸುರಿಸಿ ಕೈ ಎತ್ತಲು ಹೋದವನ ಮೇಲೆ ಆ ಮಾತು ಬೀಳುತ್ತದೆ, ಅವನಿಗೆ ಎದುರು ಹೇಳಲು ನಾಲಿಗೆಯಿಲ್ಲ.

"ಕೆಟ್ಟಿಲ್ಲ ತಾತ," ಅಂದಳು. "ಅವರು ಕೈ ಎತ್ತೇ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ತಾತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖ ತೀರಾ ಬಡಕಲಾಗಿ ಕಂಡಿತು. ಬೈಯುತ್ತಾರೆ ಅಂದುಕೊಂಡಳು, ಬೈಯಲಿ ಅಂತಲೂ ಅನಿಸಿತು. ಅವರು ಬೈಯಲಿಲ್ಲ. "ಕೋರ್ಟಲ್ಲಿ ಸಾಕ್ಷಿಗಳು ದಿನಾ ತಿರುಗಿ ಬೀಳ್ತಿದ್ರು, ನಾನು ಟೈಪ್ ಮಾಡ್ತಾ ಇದ್ದೆ," ಅಂದರು. "ಇಲ್ಲಿ ಇದೇ ಮೊದಲು. ನೋಡಮ್ಮ, ಇದಕ್ಕೆ ನನ್ನ ಹತ್ರ ಕಾಲಂ ಇಲ್ಲ. ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತು ವಾಪಸ್ ತಗೋ. ಆಮೇಲೆ ಯಾವ ಹೆಸರು ಹೇಳ್ತೀಯೋ ಕೈಯಲ್ಲೇ ಬರ್ಕೊಡ್ತೀನಿ, ನೂರಿಪ್ಪತ್ತು ಪ್ರತೀಲೂ." ಬಾಗಿಲ ತನಕ ಬಂದು, "ಕಾಯಿಲೆ ಕಾಲಮ್ಮಲ್ಲಿ ಮೊದಲಿರೋ, ಹಾಸಿಗೆ ಹಿಡಿದ ಮುದುಕಿಯ ಸೊಸೆಗೆ ನಿನ್ನ ಸಾಕ್ಷಿಯಿಂದ ಬಹಳ ಆಸೆ ಬಂದಿದೆ. ಅವಳ ಮುಖ ಮಾತ್ರ ನೋಡ್ಬೇಡ, ಮಾತು ನಿಂತುಹೋಗುತ್ತೆ" ಅಂದರು.

ದಾರಿಯಲ್ಲಿ ಪ್ರಾರ್ಥನೆ ಮಾಡಲು ನೋಡಿದಳು. ಬಸ್ ನಿಲ್ದಾಣದ ತಗಡಿನ ಬೆಂಚು ಬಿಸಿಲಿಗೆ ಕಾದಿತ್ತು, ಪಕ್ಕದಲ್ಲೊಬ್ಬ ಹಲ್ಲಿನ ಸಂದಿಯಿಂದ ಏನೋ ತೆಗೆಯುತ್ತಿದ್ದ. ಆರು ವರ್ಷ ಅವಳ ಪ್ರಾರ್ಥನೆಯಲ್ಲಿ ಇದ್ದದ್ದು ಒಂದೇ ಮಾತು: ಎಬ್ಬಿಸು. ಕೊನೆಯಲ್ಲಿ, ಅರ್ಜಿಯ ಕೆಳಗೆ ಸಹಿ ಹಾಕುವಂತೆ, ಎಲ್ಲ ನಿನಗೇ ಬಿಟ್ಟದ್ದು ಅಂತ ಸೇರಿಸುತ್ತಿದ್ದಳು. ಬಿಟ್ಟಿದ್ದೇನು ಮಣ್ಣು! ಒಂದು ದಿನವಾದರೂ ಬಿಟ್ಟಿರಲಿಲ್ಲ. ದೇವರು ಎಬ್ಬಿಸದಿದ್ದಾಗ ತಾನೇ ಎಬ್ಬಿಸಿ ನಿಲ್ಲಿಸಿಬಿಟ್ಟಳು, ಸಭೆಯ ಮುಂದೆ, ಬರೀ ಬಾಯಲ್ಲಿ. ಕಷ್ಟಕ್ಕೆ ಉದ್ದೇಶವಿದೆ ಅಂದರಲ್ಲ ಪಾಸ್ಟರು. ಯಾರ ಉದ್ದೇಶ? ತನಗೆ ಬುದ್ಧಿ ಬರಲಿ ಅಂತ ಅವನನ್ನು ಆರು ವರ್ಷ ಮಲಗಿಸುವುದಾದರೆ ಅದೆಂಥ ದೇವರು? ಹಾಗೆ ಕೇಳಿದ್ದಕ್ಕೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಒಳಗೆ ಬರಿದಾಗಿತ್ತು. ಎಬ್ಬಿಸು ಅನ್ನಲು ಬಾಯಿ ಬರಲಿಲ್ಲ, ಬೇರೆ ಮಾತು ಅವಳಿಗೆ ಬರುತ್ತಿರಲಿಲ್ಲ. ಬಸ್ ಬಂತು, ಹತ್ತಿದಳು.

ಮನೆ ಮುಟ್ಟಿದಾಗ ನಾದಿನಿ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. "ಅಣ್ಣ ಮಧ್ಯಾಹ್ನವೆಲ್ಲ ಕಣ್ಣು ಬಿಟ್ಕೊಂಡೇ ಇದ್ದ ಅತ್ತಿಗೆ. ನಾನು ಏನೇನೋ ಹರಟ್ತಾ ಇದ್ದೆ, ಹೌದು ಇಲ್ಲ ಅಂತಾನೂ ಇದ್ದ. ನಿಮ್ಮ ಗೇಟಿನ ಸದ್ದು ಕೇಳ್ತು ನೋಡಿ, ಮುಚ್ಕೊಂಡ." ಚುಚ್ಚುವುದಕ್ಕೆ ಹೇಳಿದ್ದಲ್ಲ. ಚಪ್ಪಲಿ ಮೆಟ್ಟುತ್ತ, ತಗ್ಗಿದ ದನಿಯಲ್ಲಿ, "ಏನಾಗಿದೆ ನಿಮ್ಮಿಬ್ಬರ ಮಧ್ಯೆ?" ಅಂತ ಕೇಳಿದಳು. "ಹೇಳ್ತೀನಿ, ಇವತ್ತಲ್ಲ," ಅಂದು ಅವಳನ್ನು ಕಳಿಸಿಕೊಟ್ಟಳು.

ಆರು ಗಂಟೆಯ ಬಿಸಿಲು ಗೋಡೆಯ ಮೇಲೆ ಕೈಯಗಲ ಉಳಿದಿತ್ತು. ಅವನು ಅಂಗಾತ ಮಲಗಿದ್ದ. ಪಾಸ್ಟರು ಎಳೆದುಕೊಂಡಿದ್ದ ಅದೇ ಕುರ್ಚಿಯಲ್ಲಿ ಕೂತು, ಮುಚ್ಚಿದ ಆ ಎರಡು ರೆಪ್ಪೆಗಳಿಗೆ ಅವಳು ಹೇಳತೊಡಗಿದಳು. ನಾಳೆ ಹೇಳಬೇಕಾದ್ದನ್ನು ಒಮ್ಮೆ ಹೇಳಿ ನೋಡುತ್ತೇನೆ ಅಂತ ಶುರುಮಾಡಿದ್ದು, ಎರಡನೇ ಮಾತಿಗೇ ದಾರಿ ತಪ್ಪಿತು.

"ನೀವು ಕೈ ಎತ್ತಿದ್ರಿ ಅಂತ ಎಲ್ಲರ ಮುಂದೆ ಹೇಳ್ದೆ. ನನ್ನ ಕೈ ಹಿಡ್ಕೊಂಡ್ರಿ ಅಂತಾನೂ ಹೇಳ್ದೆ. ಯಾಕೆ ಅಂದ್ರೆ... ನಂಗೆ ಸಾಕಾಗಿತ್ತು ರೀ. ಹೇಗಿದ್ದಾರೆ ಅಂತ ಕೇಳೋದು, ಹಾಗೇ ಇದ್ದಾರೆ ಅನ್ನೋದು. ನಿಮ್ಮ ಹೆಸರು ಬಂದಾಗ ಒಬ್ಬಳು ಆಕಳಿಸಿದ್ಳು. ಅದಕ್ಕೇ ಹೇಳ್ದೆ ಅಂದ್ರೆ ನಗ್ತೀರಿ. ಚಪ್ಪಾಳೆ ಹೊಡೆದಾಗ ನಂಗೆ ಖುಷಿಯಾಯ್ತು, ನೀವು ಇಲ್ಲಿ ಒದ್ದೆಯಲ್ಲಿ ಮಲಗಿದ್ರಿ. ಆವತ್ತು ನೀವು ಕಷ್ಟಪಟ್ಟು ಎತ್ತೋಕೆ ಹೋದ್ರಲ್ಲ, ಆಗಲಾದ್ರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ." ಅವಳಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. "ಕೋಪ ಇದೆಯಾ ನನ್ನ ಮೇಲೆ?"

ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡುತ್ತಿದ್ದರು. ಅದು ಹೊತ್ತಿಕೊಂಡು ದೂರ ಹೋಯಿತು. ಆಮೇಲೆ ಅವನ ಕಣ್ಣು ತೆರೆದವು. ಮೊದಲು ಸೂರು ನೋಡಿದ, ಆಮೇಲೆ ಅವಳನ್ನು. ಒಂದು ಸಲ ಮುಚ್ಚಿ ತೆರೆದ.

ಹೌದು. ಮೂರು ವಾರದ ಮೇಲೆ ಸಿಕ್ಕ ಮೊದಲ ಮಾತು. ಅವಳು ಅದನ್ನು ತೆಗೆದುಕೊಂಡಳು. ಕ್ಷಮಿಸ್ತೀರಾ ಅಂತ ಕೇಳುವ ಧೈರ್ಯ ಬರಲಿಲ್ಲ, ಇಲ್ಲ ಅಂದುಬಿಟ್ಟರೆ ರಾತ್ರಿ ಹೇಗೆ ಕಳೆಯುವುದು? ಬದಲಿಗೆ, "ನಾಳೆ ಅಲ್ಲೇ ನಿಂತು ಎಲ್ಲ ಹೇಳ್ಬಿಡಲಾ?" ಅಂತ ಕೇಳಿದಳು. ಒಂದು ಸಲ ಮುಚ್ಚಿ ತೆರೆದ. "ಆಮೇಲೆ ನಿಮ್ಮ ಹೆಸರು ಮತ್ತೆ ಪಟ್ಟಿಗೆ ಹಾಕಿಸ್ತೀನಿ. ತಾತ ಒಪ್ಪಿದ್ದಾರೆ. ಹಾಕಿಸಲಾ?"

ಎರಡು ಸಲ.

ತಪ್ಪಾಗಿ ನೋಡಿದೆನೇನೋ ಅಂದುಕೊಂಡು ಮುಂದಕ್ಕೆ ಬಾಗಿ ಮತ್ತೆ ಕೇಳಿದಳು. ಅವನು ಮತ್ತೆ ಎರಡು ಸಲ, ಈ ಸಲ ನಿಧಾನವಾಗಿ, ಎಣಿಸಲು ಬರುವಂತೆ ಮುಚ್ಚಿ ತೆರೆದ. ಆರು ವರ್ಷದ ಭಾನುವಾರಗಳು, ಅಷ್ಟೂ ಪ್ರತಿಗಳು, ಅಷ್ಟೂ ಜನರ ಬಾಯಲ್ಲಿ ಅವನ ಹೆಸರು. ನಿಮಗೆ ಇದು ಬೇಕಾ ಅಂತ ಅವಳು ಒಂದು ದಿನವೂ ಕೇಳಿರಲಿಲ್ಲ. ಏಳಬೇಕೆಂಬ ಆಸೆಯನ್ನು ಅವನು ಯಾವಾಗ ಕೆಳಗಿಟ್ಟನೋ, ಯಾರ ಕೈಗೆ ಕೊಟ್ಟನೋ, ಪಕ್ಕದಲ್ಲೇ ಮಲಗುವ ಅವಳಿಗೆ ಗೊತ್ತಾಗಿರಲಿಲ್ಲ. ಅವನು ಇಳಿಸಿದ ಹೊರೆಯನ್ನು ತಾನೊಬ್ಬಳೇ ಹೊತ್ತುಕೊಂಡು ಊರೆಲ್ಲ ತೋರಿಸುತ್ತ ತಿರುಗಿದ್ದಳು.

"ಹಾಗಾದ್ರೆ ಯಾರ ಹೆಸರು ಹೇಳ್ಲಿ ತಾತನಿಗೆ?" ಅಂದಳು. ಹೌದು ಇಲ್ಲಗಳಲ್ಲಿ ಉತ್ತರ ಹೇಳುವ ಪ್ರಶ್ನೆ ಅಲ್ಲ ಅದು. ಅವನು ಕಣ್ಣು ಮಿಟುಕಿಸಲಿಲ್ಲ. ಅವಳ ಮುಖದ ಮೇಲಿಟ್ಟ ನೋಟವನ್ನು ಅತ್ತಿತ್ತ ಮಾಡಲಿಲ್ಲ. ಅದರಲ್ಲಿ ಕೋಪ ಇನ್ನೂ ಇತ್ತು.

"ನಂದಾ?"

ಒಂದು ಸಲ.

ಗೋಡೆಯ ಮೇಲಿನ ಬಿಸಿಲು ಹೋಗಿತ್ತು. ಆರೂವರೆ. ಎಡಕ್ಕೆ ಹುಣ್ಣು, ಆ ಕಡೆ ಆಗುವುದಿಲ್ಲ. ಇನ್ನೊಂದು ಗಳಿಗೆ ಹಾಗೇ ನೋಡುತ್ತಿರಲಿ ಅಂತ ಅವಳಿಗೆ ಬಹಳ ಆಸೆಯಾಯಿತು. ಬೆನ್ನೂ ಕೆಂಪಾಗುತ್ತದೆ ಅಂತ ಎದ್ದಳು.

"ಹೊರಳಿಸಲಾ?"

ಹೌದು ಅಂದ. ಸುಟ್ಟ ಬೆರಳಿಗೆ ತಾಗದಂತೆ ಕೈಯನ್ನು ಭುಜದಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಬಲಕ್ಕೆ ಹೊರಳಿಸಿದಳು. ಅವನ ಮುಖ ಗೋಡೆಯ ಕಡೆಗೆ ಹೋಯಿತು. ಇನ್ನು ಎರಡು ಗಂಟೆ ಆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಅವಳಿಗೆ ಕಾಣುವುದಿಲ್ಲ. ಅವಳು ಕುರ್ಚಿಯನ್ನು ಅವನ ಬೆನ್ನಿನ ಹತ್ತಿರಕ್ಕೆ ಎಳೆದು ಕೂತಳು.